ಗೊರಕೆ ಎತ್ತು, ಸುಮ್ಮನಿದ್ದ ಎಮ್ಮೆ: ಭದ್ರಾ ನಾಲೆ ಬಯಲಿನ ಒಂದು ಪ್ರಕರಣ

ಮಲೇಬೆನ್ನೂರು ಕಡೆಯ ಒಂದು ಹಳ್ಳಿ. ಭದ್ರಾ ನಾಲೆಯ ನೀರು, ವರ್ಷಕ್ಕೆ ಎರಡು ಬೆಳೆ ಭತ್ತ. ಆ ಮನೆಯಲ್ಲಿ ಒಂದು ಜೊತೆ ಎತ್ತು, ಎರಡು ಎಮ್ಮೆ, ಒಂದು ಕರು. ಎತ್ತುಗಳು ಹೊಸವು. ಚಳ್ಳಕೆರೆ ಕಡೆಯ ಒಣ ಸೀಮೆಯಲ್ಲಿ ಬೆಳೆದವು, ಜಾತ್ರೆಯಲ್ಲಿ ಕೊಂಡು ತಂದದ್ದು. ಎಮ್ಮೆಗಳು ಇದೇ ಕೊಟ್ಟಿಗೆಯಲ್ಲಿ ಹುಟ್ಟಿದವು. ಈ ವ್ಯತ್ಯಾಸ ಮುಂದೆ ಬಹಳ ಮುಖ್ಯವಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಎತ್ತು ಬಂದು ಒಂದು ಮಳೆಗಾಲ ಕಳೆಯಿತು. ಚಳಿ ಶುರುವಾಗುವ ಹೊತ್ತಿಗೆ ಎಡಕ್ಕೆ ಕಟ್ಟುವ ಎತ್ತಿನ ಮೂಗು ಸೋರತೊಡಗಿತು. ಮೊದಲು ನೀರು, ಆಮೇಲೆ ಗಟ್ಟಿ ಗೊಣ್ಣೆ, ಮಧ್ಯೆ ಮಧ್ಯೆ ರಕ್ತದ ಎಳೆ. ಶೀತ ಅಂದುಕೊಂಡು ಮನೆಯವರು ನೀಲಗಿರಿ ಎಣ್ಣೆಯ ಹಬೆ ಕೊಟ್ಟರು. ಒಂದು ಕೋರ್ಸ್ ಆಂಟಿಬಯೋಟಿಕ್ಕೂ ಆಯಿತು. ಗೊಣ್ಣೆ ಸ್ವಲ್ಪ ತೆಳುವಾಯಿತು, ನಿಲ್ಲಲಿಲ್ಲ. ನಾನು ಹೋದಾಗ ಅದು ಉಸಿರಾಡುವ ಗೊರಗೊರ ಸದ್ದು ಅಂಗಳಕ್ಕೇ ಕೇಳುತ್ತಿತ್ತು.

“ರಾತ್ರಿ ಇದರ ಗೊರಕೆಗೆ ಮನೆಮಂದಿಗೆಲ್ಲ ನಿದ್ದೆ ಇಲ್ಲ ಡಾಕ್ಟ್ರೇ. ನೇಗಿಲಿಗೆ ಕಟ್ಟಿದ್ರೆ ನಾಕು ಸಾಲಿಗೇ ಏದುಸಿರು ಬಿಡ್ತದೆ” ಅಂದರು ಯಜಮಾನರು.

ಮೂಗಿನಲ್ಲಿ ಸಿಕ್ಕಿದ್ದು

ಮೂಗಿನ ರಕ್ತನಾಳದಲ್ಲಿ ಬದುಕುವ ಒಂದು ಹುಳುವಿನಿಂದ ದನಗಳಿಗೆ ಗೊರಕೆ ರೋಗ ಬರುತ್ತದೆ. ಆದರೆ ಗೊರಕೆ ಅಂದ ತಕ್ಷಣ ಗೊರಕೆ ರೋಗ ಅಂತ ಬರೆದುಬಿಡಲು ಆಗುವುದಿಲ್ಲ. ನಾಲೆ ನೀರು ಕುಡಿಯುವ ದನದ ಮೂಗಿನಲ್ಲಿ ಜಿಗಣೆ ಕೂತಿರಬಹುದು. ಮುಳ್ಳೋ ಕಡ್ಡಿಯೋ ಸಿಕ್ಕಿಕೊಂಡಿರಬಹುದು. ರೈನೋಸ್ಪೊರಿಡಿಯಂ ಅನ್ನುವ ಇನ್ನೊಂದು ಜೀವಿಯೂ ಮೂಗಿನಲ್ಲಿ ಗಡ್ಡೆ ಬೆಳೆಸುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಎರಡೂ ಹೊಳ್ಳೆಗಳ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಳ್ಳೆ. ಎಡ ಹೊಳ್ಳೆಯಲ್ಲಿ ಹೂಕೋಸಿನಂಥ ಒಂದು ಗಡ್ಡೆ, ಮುಟ್ಟಿದರೆ ರಕ್ತ ಜಿನುಗುತ್ತಿತ್ತು. ಅಂಗೈ ಅಡ್ಡ ಹಿಡಿದರೆ ಆ ಕಡೆಯಿಂದ ಉಸಿರು ಹೆಚ್ಚುಕಮ್ಮಿ ಬರುತ್ತಲೇ ಇರಲಿಲ್ಲ.

ಗೊಣ್ಣೆಯನ್ನು ಒಂದು ಬಾಟಲಿಗೆ ತೆಗೆದುಕೊಂಡೆ. ಗೊಣ್ಣೆಯನ್ನು ಹಾಗೇ ಸ್ಲೈಡಿನ ಮೇಲೆ ಇಟ್ಟರೆ ಏನೂ ಕಾಣುವುದಿಲ್ಲ, ಬರೀ ಲೋಳೆ. ಹತ್ತು ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಬಿಸಿ ಮಾಡಿದರೆ ಲೋಳೆ ಕರಗುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದ ಗಸಿಯನ್ನು ನೋಡಬೇಕು. ನೋಡಿದೆ. ನಡುವೆ ಬಾಗಿದ, ಬೂಮರಾಂಗ್ ಆಕಾರದ ಉದ್ದ ಮೊಟ್ಟೆಗಳು, ಒಂದು ತುದಿಯಲ್ಲಿ ಮುಳ್ಳು. ಉದ್ದ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು. ಈ ಆಕಾರ ಕಂಡ ಮೇಲೆ ಅನುಮಾನಕ್ಕೆ ಜಾಗವಿಲ್ಲ. ಇದು ಶಿಸ್ಟೊಸೋಮಾ ನೇಸೇಲ್. ಈ ಹುಳುವನ್ನು 1933ರಲ್ಲಿ ಮೊದಲು ವಿವರಿಸಿದವರು ಮದ್ರಾಸಿನ ಎಂ. ಅನಂತನಾರಾಯಣ ರಾವ್.

ಶಿಸ್ಟೊಸೋಮಾ ಹುಳುಗಳು ರಕ್ತನಾಳದೊಳಗೆ ಬದುಕುತ್ತವೆ. ಬೇರೆ ಚಪ್ಪಟೆಹುಳುಗಳಲ್ಲಿ ಹೆಚ್ಚಿನವು ಗಂಡು-ಹೆಣ್ಣು ಎರಡೂ ಒಂದೇ ಮೈಯಲ್ಲಿ ಇರುವಂಥವು. ಇವುಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಮೈಯಲ್ಲಿ ಉದ್ದಕ್ಕೆ ಒಂದು ಮಡಿಕೆ ಇರುತ್ತದೆ. ತೆಳ್ಳಗಿನ ಹೆಣ್ಣು ಅದರೊಳಗೇ ಇದ್ದು ಮೊಟ್ಟೆ ಇಡುತ್ತದೆ. ನೇಸೇಲ್ ಮೂಗಿನ ಪದರದ ರಕ್ತನಾಳದಲ್ಲಿ ಇರುವುದರಿಂದ ಅದರ ಮೊಟ್ಟೆ ಗೊಣ್ಣೆಯಲ್ಲಿ ಹೊರಬರುತ್ತದೆ. ಸಗಣಿ ಎಷ್ಟು ಸಲ ನೋಡಿದರೂ ಅಲ್ಲಿ ಸಿಗುವುದಿಲ್ಲ. ಗಡ್ಡೆ ಬೆಳೆಯಲು ಕಾರಣ ಹುಳುಗಿಂತ ಹೆಚ್ಚಾಗಿ ಈ ಮೊಟ್ಟೆಗಳು. ಹೊರಬರಲಾಗದೆ ಪದರದಲ್ಲಿ ಸಿಕ್ಕಿಕೊಂಡ ಮೊಟ್ಟೆಯ ಸುತ್ತ ಮೈ ಮಾಂಸ ಕಟ್ಟುತ್ತದೆ.

ಇಲ್ಲಿಯವರೆಗೆ ಇದು ನಾಲೆ ಬಯಲಿನ ಯಾವ ಪಶುವೈದ್ಯರಾದರೂ ನೋಡಿರುವ ಕಾಯಿಲೆ. ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿದ್ದು ಆಮೇಲೆ ನಡೆದದ್ದರಿಂದ.

ಎಮ್ಮೆಗಳ ಗೊಣ್ಣೆಯನ್ನೂ ತೆಗೆದುಕೊಳ್ಳುತ್ತೇನೆ ಅಂದೆ. ಯಜಮಾನರಿಗೆ ಅದು ಬೇಡದ ಕೆಲಸ ಅನ್ನಿಸಿತು. “ಎಮ್ಮೆಗೇನಾಗಿದೆ? ಮೇಯ್ತವೆ, ಹಾಲು ಕೊಡ್ತವೆ.” ನಿಜ, ಎರಡೂ ಎಮ್ಮೆ ಮಿರಮಿರ ಮಿಂಚುತ್ತಿದ್ದವು. ಮೂಗು ಒದ್ದೆ, ಅಷ್ಟೇ. ಆದರೆ ಒಂದು ಎಮ್ಮೆಯ ಗೊಣ್ಣೆಯಲ್ಲೂ ಅದೇ ಬಾಗಿದ ಮೊಟ್ಟೆ ಸಿಕ್ಕಿತು. ನೇಸೇಲ್ ಹುಳು ಎಮ್ಮೆಯಲ್ಲಿ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಗೊರಕೆ ಇಲ್ಲ, ಗಡ್ಡೆ ಅಪರೂಪ. ಆದರೆ ಮೊಟ್ಟೆ ಇರುತ್ತದೆ. ಎಮ್ಮೆ ಮಧ್ಯಾಹ್ನವಿಡೀ ಮೂಗಿನವರೆಗೆ ನೀರಿನಲ್ಲಿ ಮುಳುಗಿ ಮಲಗುವ ಪ್ರಾಣಿ. ಪ್ರತಿ ಸಲ ಅದು ಮೂಗಿನಿಂದ ನೀರು ಚಿಮ್ಮಿಸಿದಾಗ ಮೊಟ್ಟೆ ನೇರ ನೀರಿಗೇ ಬೀಳುತ್ತದೆ. ಕಾಯಿಲೆ ಕಾಣಿಸಿದ್ದು ಎತ್ತಿನಲ್ಲಿ, ಹಬ್ಬಿಸುತ್ತಿದ್ದದ್ದು ಎಮ್ಮೆ.

ಗೋಕಟ್ಟೆ

ಮನೆಯಿಂದ ಸ್ವಲ್ಪ ದೂರದಲ್ಲಿ ನಾಲೆಯ ಬಸಿನೀರು ನಿಲ್ಲುವ ಒಂದು ಗೋಕಟ್ಟೆ. ಊರಿನ ಅರ್ಧ ದನ ಅಲ್ಲೇ ನೀರು ಕುಡಿಯುತ್ತವೆ, ಎಮ್ಮೆಗಳು ಅಲ್ಲೇ ಮಲಗುತ್ತವೆ. ಒಂದು ಅಂಚಿನಲ್ಲಿ ಅಂತರಗಂಗೆ ದಟ್ಟವಾಗಿ ಬೆಳೆದಿತ್ತು.

ಅಂತರಗಂಗೆಯ ಒಂದು ಎಲೆಯನ್ನು ತಿರುವಿ ನೋಡಿದೆ. ಅಡಿಯಲ್ಲಿ ಬಸವನಹುಳು. ಚಪ್ಪಟೆಯಾಗಿ ಸುರುಳಿ ಸುತ್ತಿದ ಕಂದು ಚಿಪ್ಪು, ದೊಡ್ಡದು ಒಂದು ರೂಪಾಯಿ ನಾಣ್ಯದಷ್ಟು. ಪಕ್ಕದಲ್ಲೇ ಎಲೆಗೆ ಅಂಟಿದ ಪಾರದರ್ಶಕ ಲೋಳೆ, ಅದರೊಳಗೆ ಚುಕ್ಕಿ ಚುಕ್ಕಿ ಮೊಟ್ಟೆ. ಇಂಡೊಪ್ಲಾನಾರ್ಬಿಸ್ ಎಕ್ಸುಸ್ಟಸ್ ಅಂತ ಇದರ ಹೆಸರು. ನಮ್ಮ ಕೆರೆ, ಕಾಲುವೆ, ಗದ್ದೆಗಳಲ್ಲೆಲ್ಲ ಇರುವಂಥದ್ದು. ಇದರ ರಕ್ತದಲ್ಲಿ ನಮ್ಮ ರಕ್ತದಲ್ಲಿ ಇರುವಂತೆ ಹಿಮೊಗ್ಲೋಬಿನ್ ಇದೆ, ಅದಕ್ಕೇ ಮೈಗೆ ಕೆಂಪು ಛಾಯೆ. ಕೊಳಕು ನೀರಿನಲ್ಲೂ ಬದುಕುತ್ತದೆ. ಕಟ್ಟೆ ಒಣಗಿದರೆ ಕೆಸರಿನಲ್ಲಿ ಹೂತುಕೊಂಡು ಮುಂದಿನ ನೀರಿಗೆ ಕಾಯುತ್ತದೆ. ಗಂಡು-ಹೆಣ್ಣು ಎರಡೂ ತಾನೇ ಆದ್ದರಿಂದ, ಒಂದೇ ಒಂದು ಹುಳು ಬಂದು ಸೇರಿದರೂ ಹೊಸ ಕಟ್ಟೆಯಲ್ಲಿ ಸಂಸಾರ ಹೂಡಬಲ್ಲದು.

ನೀರಿಗೆ ಬಿದ್ದ ಮೊಟ್ಟೆ ಒಡೆದು ಬರುವ ಮರಿ ದನದ ಮೈ ಸೇರುವ ಮೊದಲು ಬಸವನಹುಳುವಿನೊಳಗೆ ಬೆಳೆಯಬೇಕು. ಈ ಒಂದು ಬಸವನಹುಳುವಿನಲ್ಲೇ ನಮ್ಮ ದನಗಳ ಮೂರು ಶಿಸ್ಟೊಸೋಮಾಗಳು ಬೆಳೆಯುತ್ತವೆ. ಮೂಗಿನ ನೇಸೇಲ್ ಒಂದು. ಕರುಳಿನ ರಕ್ತನಾಳಗಳಲ್ಲಿ ಇರುವ ಸ್ಪಿಂಡೇಲ್ ಮತ್ತು ಇಂಡಿಕಂ ಇನ್ನೆರಡು. ಇವೆರಡನ್ನೂ 1906ರಲ್ಲಿ ಮಾಂಟ್ಗೊಮೆರಿ ಅನ್ನುವವರು ವಿವರಿಸಿದರು. ಇವುಗಳ ಜೊತೆಗೆ ಮೆಲುಕುಚೀಲದ ಚಪ್ಪಟೆಹುಳುವೂ ಇದರೊಳಗೇ ಬೆಳೆಯುತ್ತದೆ.

ಕೆಲವು ಬಸವನಹುಳುಗಳನ್ನು ತಂದು ಒಂದೊಂದನ್ನು ಒಂದೊಂದು ಗಾಜಿನ ಲೋಟದಲ್ಲಿ ಶುದ್ಧ ನೀರು ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟೆ. ಹಿಂದೆ ಕಪ್ಪು ಕಾಗದ. ಬಹುಪಾಲು ಲೋಟಗಳಲ್ಲಿ ಏನೂ ಇಲ್ಲ. ಒಂದೆರಡರಲ್ಲಿ ದಪ್ಪ ಕಪ್ಪು ಚುಕ್ಕಿಗಳು ಓಡಾಡಿದವು, ಅವು ಮೆಲುಕುಚೀಲದ ಹುಳುವಿನ ಮರಿ. ಕೆಲವದರಲ್ಲಿ ಮಾತ್ರ ಧೂಳಿನಂಥ ಬಿಳಿ ಕಣಗಳು ಮೇಲಕ್ಕೆ ಏರಿ, ನಿಂತು, ನಿಧಾನ ಇಳಿದು, ಮತ್ತೆ ಏರುತ್ತಿದ್ದವು. ಒಂದು ಹನಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಲದ ತುದಿ ಕವಲೊಡೆದಿದೆ. ಶಿಸ್ಟೊಸೋಮಾ ಮರಿಗಳ ಗುರುತು ಅದು. ಮೂರರಲ್ಲಿ ಯಾವುದರದು ಅಂತ ಮರಿ ನೋಡಿ ಹೇಳುವುದು ಸುಲಭವಲ್ಲ.

ಈ ಮರಿಯನ್ನು ದನ ಕುಡಿಯಲೇಬೇಕು ಅಂತ ಇಲ್ಲ. ಚರ್ಮಕ್ಕೆ ತಾಗಿದರೆ ಸಾಕು, ಕೊರೆದು ಒಳಗೆ ಹೋಗುತ್ತದೆ. ನೀರಿನಲ್ಲಿ ಅದರ ಆಯಸ್ಸು ಒಂದೆರಡು ದಿನ ಮಾತ್ರ. ಈ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂತು.

ಎರಡರ ನಡುವಿನ ಮೊಟ್ಟೆ

ಮೂಗಿನ ಜೊತೆಗೆ ಎತ್ತಿಗೆ ಆಗಾಗ ಲೋಳೆ ಮಿಶ್ರಿತ ಭೇದಿಯೂ ಆಗುತ್ತಿತ್ತು. ಸಗಣಿ ನೋಡಿದಾಗ ಎರಡೂ ತುದಿ ಚೂಪಾದ, ಕದಿರಿನ ಆಕಾರದ ಉದ್ದ ಮೊಟ್ಟೆಗಳು ಸಿಕ್ಕವು. ಅದು ಸ್ಪಿಂಡೇಲ್. ಅಲ್ಲಲ್ಲಿ ಸಣ್ಣ, ದುಂಡುಮೊಟ್ಟೆ, ತುದಿಯಲ್ಲಿ ಮುಳ್ಳು. ಅದು ಇಂಡಿಕಂ. ಅಂದರೆ ಒಂದೇ ಎತ್ತಿನಲ್ಲಿ ಮೂರೂ ಇದ್ದವು.

ಎತ್ತಿಗೆ ಹುಳುವಿನ ಇಂಜೆಕ್ಷನ್ ಶುರುವಾದ ಮೇಲೆ ತೆಗೆದ ಎರಡನೇ ಸಗಣಿಯಲ್ಲಿ ಇನ್ನೊಂದು ಬಗೆ ಕಾಣಿಸಿತು. ಇತ್ತ ಕದಿರೂ ಅಲ್ಲ, ಅತ್ತ ದುಂಡೂ ಅಲ್ಲ. ಎರಡರ ನಡುವಿನ ಆಕಾರ.

ದಾವಣಗೆರೆಯಲ್ಲಿ ಬಿಎಸ್ಸಿ ಓದುವ ಯಜಮಾನರ ಮಗ ಆವತ್ತು ಜೊತೆಗಿದ್ದ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ, “ಸಾರ್, ಇದು ಎರಡೂ ಹುಳು ಸೇರಿ ಹುಟ್ಟಿದ ಮಿಶ್ರತಳಿ ಇರಬಹುದಾ? ಫ್ರಾನ್ಸಿನಲ್ಲಿ ದನದ ಹುಳುವೂ ಮನುಷ್ಯರ ಹುಳುವೂ ಸೇರಿ ಜನರಿಗೆ ಬಂತಂತೆ ಅಲ್ವಾ?” ಅಂದ.

ಹುಡುಗ ಹೇಳಿದ್ದು ನಿಜ. ಆಫ್ರಿಕಾದ ಬಹುಭಾಗದಲ್ಲಿ ಮನುಷ್ಯರ ಮೂತ್ರಕೋಶದ ರಕ್ತನಾಳಗಳಲ್ಲಿ ಇರುವ ಹುಳು ಶಿಸ್ಟೊಸೋಮಾ ಹೆಮಟೋಬಿಯಂ. 1851ರಲ್ಲಿ ಕೈರೋದಲ್ಲಿ ಥಿಯೊಡೊರ್ ಬಿಲ್ಹಾರ್ಜ್ ಕಂಡುಹಿಡಿದದ್ದು ಇದನ್ನೇ. ಬೊವಿಸ್ ಅನ್ನುವುದು ಅಲ್ಲಿಯ ದನಕುರಿಗಳ ಹುಳು. 2013ರ ಬೇಸಿಗೆಯಲ್ಲಿ ಫ್ರಾನ್ಸಿಗೆ ಸೇರಿದ ಕೋರ್ಸಿಕಾ ದ್ವೀಪದ ಕಾವು ನದಿಯಲ್ಲಿ ಈಜಿದವರಿಗೆ ಮೂತ್ರದಲ್ಲಿ ರಕ್ತ ಬರತೊಡಗಿತು. ನೂರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು. ಮೊಟ್ಟೆಗಳ ಜೀನ್ ನೋಡಿದಾಗ ಹೆಮಟೋಬಿಯಂ ಮತ್ತು ಬೊವಿಸ್ ಎರಡರ ಗುರುತೂ ಸಿಕ್ಕವು. ಹುಳು ಬಂದದ್ದು ಸೆನೆಗಲ್ ಕಡೆಯಿಂದ ಅಂತಲೂ ಜೀನ್ ಹೇಳಿತು. ಅದನ್ನು ಬೆಳೆಸಬಲ್ಲ ಬುಲಿನಸ್ ಟ್ರಂಕೇಟಸ್ ಬಸವನಹುಳು ಆ ನದಿಯಲ್ಲಿ ಮೊದಲೇ ಇತ್ತು. ಸೋಂಕು ತಗುಲಿದ ಯಾರೋ ನೀರಿಗೆ ಇಳಿದದ್ದೇ ಸಾಕಾಯಿತು.

ಮಿಶ್ರತಳಿ ಎಲ್ಲಿ ಹುಟ್ಟುತ್ತದೆ ಅನ್ನುವುದು ಇಲ್ಲಿ ಮುಖ್ಯ. ಬಹಳ ಜನ ಬಸವನಹುಳುವಿನೊಳಗೆ ಅಂದುಕೊಳ್ಳುತ್ತಾರೆ. ಅಲ್ಲಿ ಮಿಲನವೇ ನಡೆಯುವುದಿಲ್ಲ. ಮೊಟ್ಟೆಯೊಡೆದು ಬಂದ ಒಂದು ಮರಿ ಬಸವನಹುಳುವಿನ ಮೈಯಲ್ಲಿ ತನ್ನದೇ ನಕಲುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡುತ್ತದೆ, ಅಷ್ಟೆ. ಒಂದು ಮರಿಯಿಂದ ಬಂದವು ಎಲ್ಲವೂ ಗಂಡು, ಇಲ್ಲ ಎಲ್ಲವೂ ಹೆಣ್ಣು. ಗಂಡು ಹೆಣ್ಣು ಸೇರುವುದು ದನದ ಅಥವಾ ಮನುಷ್ಯನ ರಕ್ತನಾಳದೊಳಗೆ. ಹಾಗಾಗಿ ಎರಡು ಜಾತಿಯ ಹುಳುಗಳು ಒಂದೇ ಮೈಯಲ್ಲಿ, ಒಂದೇ ಕಾಲಕ್ಕೆ ಇರಬೇಕು. ಅದಾಗಬೇಕಾದರೆ ಆ ಮೈ ಎರಡೂ ಮರಿಗಳಿರುವ ನೀರಿಗೆ ಇಳಿದಿರಬೇಕು.

‘ಒಂದು ಮೂಗಿನಲ್ಲಿ, ಇನ್ನೊಂದು ಕರುಳಿನಲ್ಲಿ ಇದ್ದರೆ ಸೇರುವುದು ಹೇಗೆ’ ಅಂತ ಕೇಳಬಹುದು. ಆಫ್ರಿಕಾದಲ್ಲೂ ಹೆಮಟೋಬಿಯಂ ಮೂತ್ರಕೋಶದ ಕಡೆ, ಬೊವಿಸ್ ಕರುಳಿನ ಕಡೆ ಇರುತ್ತವೆ. ಆದರೂ ಸೇರಿದವು. ಯಾಕೆಂದರೆ ಈ ಗುಂಪಿನ ಹುಳುಗಳು ಮೊದಲು ಯಕೃತ್ತಿನ ರಕ್ತನಾಳಗಳಲ್ಲಿ ಬಲಿತು, ಅಲ್ಲೇ ಜೋಡಿಯಾಗಿ, ಆಮೇಲೆ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ನಮ್ಮ ಸ್ಪಿಂಡೇಲ್ ಮತ್ತು ಇಂಡಿಕಂ ವಿಷಯದಲ್ಲಿ ಕೊನೆಯ ಜಾಗವೂ ಹೆಚ್ಚುಕಡಿಮೆ ಒಂದೇ. ಹುಡುಗನ ಪ್ರಶ್ನೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡದ್ದು ಅದಕ್ಕೇ.

ಆದರೆ ಮೊಟ್ಟೆಯ ಆಕಾರ ನೋಡಿ ಮಿಶ್ರತಳಿ ಅಂತ ತೀರ್ಮಾನಿಸಲು ನಾನು ತಯಾರಿಲ್ಲ. ಇದೇ ಗುಂಪಿನಲ್ಲಿ ಹಳೆಯ ಪಾಠ ಒಂದಿದೆ. 1926ರಲ್ಲಿ ಚಾಂಡ್ಲರ್ ಅನ್ನುವವರು ಬಂಗಾಳದಲ್ಲಿ, ಮನುಷ್ಯರ ಮಲ ಅಂತ ಬಂದ ಮಾದರಿಯಲ್ಲಿ ಹೊಸ ಬಗೆಯ ಮೊಟ್ಟೆ ಕಂಡು ಅದಕ್ಕೆ ಶಿಸ್ಟೊಸೋಮಾ ಇನ್‌ಕಾಗ್ನಿಟಂ ಅಂತ ಹೆಸರಿಟ್ಟರು. ಹುಳುವೇ ಕೈಗೆ ಸಿಕ್ಕಾಗ ಅದು ಹಂದಿಯ ಮೈಯಲ್ಲಿತ್ತು. ಮೊಟ್ಟೆ ಒಂದನ್ನೇ ಹಿಡಿದು ಕಥೆ ಕಟ್ಟಿದರೆ ದಾರಿ ಎಲ್ಲಿಗೋ ಹೋಗುತ್ತದೆ.

ಖಚಿತ ಮಾಡಿಕೊಳ್ಳಲು ಜೀನ್ ಪರೀಕ್ಷೆಯೇ ಬೇಕು, ಅದೂ ಎರಡು ಕಡೆಯಿಂದ. ಮೈಟೊಕಾಂಡ್ರಿಯಾದ ಜೀನ್ ತಾಯಿಯಿಂದ ಮಾತ್ರ ಬರುತ್ತದೆ. ಕೋಶಕೇಂದ್ರದ ಜೀನ್ ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಮೈಟೊಕಾಂಡ್ರಿಯಾ ಒಂದು ಜಾತಿಯ ಹೆಸರು ಹೇಳಿ, ಕೋಶಕೇಂದ್ರ ಇನ್ನೊಂದು ಜಾತಿಯದೋ ಎರಡೂ ಸೇರಿದ್ದೋ ಹೇಳಿದರೆ ಮಿಶ್ರತಳಿ ಅನ್ನಲು ಬಲವಾದ ಆಧಾರ. ಒಂದನ್ನೇ ನೋಡಿದರೆ ಮಿಶ್ರತಳಿಯೂ ಶುದ್ಧ ತಳಿಯಂತೆ ಕಾಣುತ್ತದೆ.

ನಮ್ಮಲ್ಲಿ ಆವತ್ತು ಇದ್ದದ್ದು ಒಂದು ಶಂಕುವಿನಾಕಾರದ ಫ್ಲಾಸ್ಕು ಮತ್ತು ಸ್ವಚ್ಛ ನೀರು. ಅದರಿಂದಲೂ ಒಂದು ವಿಷಯ ತಿಳಿಯುತ್ತದೆ. ಶಿಸ್ಟೊಸೋಮಾದ ಜೀವಂತ ಮೊಟ್ಟೆ ಉಪ್ಪುನೀರಿನಲ್ಲಿ ಸುಮ್ಮನಿರುತ್ತದೆ, ಸಿಹಿನೀರು ತಾಗಿದರೆ ಒಡೆಯುತ್ತದೆ. ಸಗಣಿಯನ್ನು ಮೊದಲು ಸಲೈನಿನಲ್ಲಿ ತೊಳೆದು, ಗಸಿಯನ್ನು ಫ್ಲಾಸ್ಕಿಗೆ ಹಾಕಿ ಸಿಹಿನೀರು ತುಂಬಿ, ಕುತ್ತಿಗೆ ಬಿಟ್ಟು ಉಳಿದ ಭಾಗಕ್ಕೆ ಕಪ್ಪು ಬಟ್ಟೆ ಸುತ್ತಿದೆವು. ಮರಿಗಳು ಬೆಳಕಿನ ಕಡೆ ಈಜಿ ಕುತ್ತಿಗೆಗೆ ಬರುತ್ತವೆ. ಬಂದವು, ಕೆಲವೇ ಕೆಲವು, ನೆಟ್ಟಗೆ ಗೆರೆ ಎಳೆದಂತೆ ಓಡುತ್ತಾ. ಆಮೇಲೆ ತಳದ ಗಸಿ ನೋಡಿದರೆ ಒಡೆದ ಖಾಲಿ ಚಿಪ್ಪುಗಳು ಕದಿರಿನ ಆಕಾರದವು. ನಡುವಿನ ಆಕಾರದ ಮೊಟ್ಟೆಗಳು ಒಂದೂ ಒಡೆದಿರಲಿಲ್ಲ. ಒಳಗೆ ಅಲುಗಾಡುವ ಮರಿಯೂ ಇರಲಿಲ್ಲ, ಬರೀ ಕಪ್ಪು ಹರಳಿನಂಥ ಗಸಿ. ಕರುಳಿನ ಗೋಡೆಯಲ್ಲಿ ಬಹಳ ದಿನ ಸಿಕ್ಕಿಕೊಂಡು ಸತ್ತ ಮೊಟ್ಟೆ ಹೀಗೇ ಮುದುರಿ ಆಕಾರ ಕೆಡುತ್ತದೆ. ಮದ್ದು ಬಿದ್ದ ಮೇಲೆ ಅಂಥವು ಜಾಸ್ತಿ ಕಾಣುವುದು ಸಹಜ. ನಾನು ಬರೆದುಕೊಂಡದ್ದು ಇಷ್ಟು: ಸ್ಪಿಂಡೇಲ್ ಮತ್ತು ಇಂಡಿಕಂ ಜಂಟಿ ಸೋಂಕು, ಜೊತೆಗೆ ಆಕಾರಗೆಟ್ಟ ಸತ್ತ ಮೊಟ್ಟೆಗಳು. ಒಂದಷ್ಟು ಗಸಿಯನ್ನು ಆಲ್ಕೋಹಾಲಿನಲ್ಲಿ ತೆಗೆದಿಟ್ಟೆ. ಫಾರ್ಮಲಿನ್‌ನಲ್ಲಿ ಇಟ್ಟರೆ ಮುಂದೆ ಜೀನ್ ಪರೀಕ್ಷೆಗೆ ಅದು ಕೆಲಸಕ್ಕೆ ಬರುವುದು ಕಷ್ಟ. ಹಳ್ಳಿಯಲ್ಲಿ ಮಾದರಿ ತೆಗೆಯುವವರು ಇದನ್ನು ಮರೆಯಬಾರದು.

ಹುಡುಗನಿಗೆ ಸ್ವಲ್ಪ ನಿರಾಸೆ ಆಯಿತು ಅನ್ನಿಸುತ್ತದೆ. ಆದರೆ ಅವನ ಪ್ರಶ್ನೆ ಅಲ್ಲಿಗೆ ಮುಗಿಯುವಂಥದ್ದಲ್ಲ. ಅವನಿಗೆ ನಾನು ಕ್ಯಾಮರೂನಿನ ಲೂಮ್ ಪಟ್ಟಣದ ವಿಷಯ ಹೇಳಿದೆ. ನನಗೆ ಕೋರ್ಸಿಕಾಕ್ಕಿಂತ ಅದು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅಲ್ಲಿ ಕಾಡಿನ ನೀರಿನ ಬುಲಿನಸ್ ಫೋರ್ಸ್ಕಾಲಿ ಬಸವನಹುಳುವಿನಲ್ಲಿ ಬೆಳೆಯುವ, ಜನರ ಕರುಳಿನ ಶಿಸ್ಟೊಸೋಮಾ ಒಂದಿತ್ತು. ಆಗ ಇಂಟರ್‌ಕಲೇಟಂ ಅನ್ನುತ್ತಿದ್ದರು, ಈಗ ಗಿನೀನ್ಸಿಸ್ ಅನ್ನುತ್ತಾರೆ. ಕಾಡು ಕಡಿದರು. ಬಯಲಾದ ನೀರಿನಲ್ಲಿ ಬುಲಿನಸ್ ಟ್ರಂಕೇಟಸ್ ಹೆಚ್ಚಿತು, ಅದರ ಜೊತೆ 1960ರ ದಶಕದ ಕೊನೆಗೆ ಹೆಮಟೋಬಿಯಂ ಕಾಲಿಟ್ಟಿತು. ಎರಡೂ ಒಂದೇ ಮಕ್ಕಳ ಮೈಯಲ್ಲಿ ಸೇರಿದವು, ಮಿಶ್ರತಳಿ ಹುಟ್ಟಿತು. ಮಿಶ್ರತಳಿಗೆ ಎರಡೂ ಬಸವನಹುಳುಗಳಲ್ಲಿ ಬೆಳೆಯುವ ಶಕ್ತಿ ಬಂತು. ಹೆಮಟೋಬಿಯಂ ಗಂಡುಗಳು ಇನ್ನೊಂದು ಜಾತಿಯ ಗಂಡುಗಳಿಂದ ಹೆಣ್ಣುಗಳನ್ನು ಕಸಿದುಕೊಳ್ಳುವುದರಲ್ಲಿ ಮುಂದು. ವರ್ಷಗಳು ಕಳೆದಂತೆ ಹಳೆಯ ಹುಳು ಆ ಊರಿನಿಂದಲೇ ಮರೆಯಾಯಿತು.

ಗಮನಿಸಿ, ಅಲ್ಲಿ ಮೊದಲು ಬದಲಾದದ್ದು ಹುಳುವೂ ಅಲ್ಲ, ಬಸವನಹುಳುವೂ ಅಲ್ಲ. ನೀರಿನ ಜಾಗ ಬದಲಾಯಿತು. ಸೆನೆಗಲ್ ನದಿಯಲ್ಲೂ ಹೀಗೇ. 1986ರಲ್ಲಿ ಡಿಯಾಮಾ ಅಣೆಕಟ್ಟು ಆಯಿತು, ಸಮುದ್ರದ ಉಪ್ಪುನೀರು ಒಳಬರುವುದು ನಿಂತಿತು, ಕಾಲುವೆಗಳು ಬಂದವು. ಸಿಹಿನೀರಿನ ಬಸವನಹುಳುಗಳಿಗೆ ಸುಗ್ಗಿ. 1988ರ ಹೊತ್ತಿಗೆ ರಿಷಾರ್ ಟೋಲ್ ಪಟ್ಟಣದಲ್ಲಿ ಕರುಳಿನ ಶಿಸ್ಟೊಸೋಮಾ ಹರಡಿತು. 2009ರಲ್ಲಿ ಅದೇ ನದಿ ಬಯಲಿನ ಮಕ್ಕಳಲ್ಲಿ ದನದ ಹುಳು ಮತ್ತು ಮನುಷ್ಯರ ಹುಳುವಿನ ಮಿಶ್ರತಳಿ ಇರುವುದು ವರದಿಯಾಯಿತು.

ಯಕೃತ್ತಿನ ಚಪ್ಪಟೆಹುಳುವಿನಲ್ಲೂ ಇಂಥದ್ದು ಇದೆ. ಚಳಿ ಸೀಮೆಯ ಫೇಶಿಯೋಲಾ ಹೆಪಾಟಿಕಾ ಮತ್ತು ನಮ್ಮಂಥ ಬಿಸಿ ಸೀಮೆಯ ಜೈಗಾಂಟಿಕಾ ಸೇರಿದ ಮಿಶ್ರತಳಿ ಜಪಾನ್, ಕೊರಿಯಾ, ಚೀನಾಗಳಲ್ಲಿ ನೆಲೆ ನಿಂತಿದೆ. ಅದು ಸರಿಯಾದ ವೀರ್ಯಾಣುವನ್ನೇ ಮಾಡುವುದಿಲ್ಲ, ಒಂಟಿಯಾಗಿಯೇ ಸಂತಾನ ಬೆಳೆಸುತ್ತದೆ.

“ಹಂಗಾದ್ರೆ ನಮಗೂ ಬರ್ತದಾ?” ಅಂತ ಯಜಮಾನರ ಹೆಂಡತಿ ಕೇಳಿದರು. ನಾಟಿ ಸಮಯದಲ್ಲಿ ಅವರ ಮೊಣಕಾಲಿನ ಕೆಳಗೆ ಕೆಂಪು ಗುಳ್ಳೆ ಎದ್ದು ವಾರಗಟ್ಟಲೆ ತುರಿಕೆ ಆಗಿತ್ತಂತೆ. “ಅಮ್ಮಾ, ಈ ದನದ ಹುಳುಗಳು ನಮ್ಮ ಮೈಯಲ್ಲಿ ಬೆಳೆದು ಮೊಟ್ಟೆ ಇಡುವುದಿಲ್ಲ. ಮರಿ ಚರ್ಮದೊಳಗೆ ನುಗ್ಗಿ ಅಲ್ಲೇ ಸಾಯುತ್ತದೆ. ಅದಕ್ಕೇ ತುರಿಕೆ” ಅಂದೆ. ಕೊಯ್ಲಾದ ಗದ್ದೆಗೆ ಬಿಡುವ ಬಾತುಕೋಳಿಗಳಲ್ಲೂ ಶಿಸ್ಟೊಸೋಮಾ ಬಳಗದ ಅವುಗಳದೇ ಹುಳು ಇರಬಹುದು, ಅದರ ಮರಿಯಿಂದಲೂ ಇದೇ ತುರಿಕೆ. ಬಾತುಕೋಳಿ ಬಸವನಹುಳು ತಿನ್ನುತ್ತದೆ, ಒಳ್ಳೆಯದು. ಆದರೆ ತುರಿಕೆಗೆ ಅದೇ ಪೂರ್ತಿ ಮದ್ದು ಅಂದುಕೊಳ್ಳುವುದು ಸರಿಯಲ್ಲ.

ಮನುಷ್ಯರ ಶಿಸ್ಟೊಸೋಮಾ ನಮ್ಮ ದೇಶಕ್ಕೆ ಕಾಲಿಟ್ಟೇ ಇಲ್ಲ ಅಂತಲೂ ಅಲ್ಲ. 1952ರಲ್ಲಿ ಗಾಡ್ಗೀಳ್ ಮತ್ತು ಶಾ ಅನ್ನುವ ವೈದ್ಯರು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಹಳ್ಳಿಯಲ್ಲಿ ಮೂತ್ರಕೋಶದ ಶಿಸ್ಟೊಸೋಮಾ ಇರುವುದನ್ನು ವರದಿ ಮಾಡಿದ್ದರು. ಅಲ್ಲಿ ಅದಕ್ಕೆ ಆಸರೆ ಕೊಟ್ಟದ್ದು ಫೆರಿಸಿಯಾ ಅನ್ನುವ ಪುಟ್ಟ ಬಸವನಹುಳು. ಹಾಗಾಗಿ ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದವರ ಮೂತ್ರದಲ್ಲಿ ರಕ್ತ ಕಂಡರೆ ವೈದ್ಯರು ಈ ಹುಳುವನ್ನೂ ನೆನಪಿಡಬೇಕು.

ಮದ್ದು ಮತ್ತು ತೊಟ್ಟಿ

ಎತ್ತಿಗೆ ಆಂಟಿಮನಿ ಇರುವ ಇಂಜೆಕ್ಷನ್ ವಾರಕ್ಕೊಂದರಂತೆ, ಮಾಂಸಖಂಡದ ಆಳಕ್ಕೆ ಹಾಕಿದೆ. ಚುಚ್ಚಿದ ಕಡೆ ಬಾವು ಬರುವ ಮದ್ದು ಅದು. ಲೆಕ್ಕ ತಪ್ಪಿದರೆ ವಿಷ. ಪಶುವೈದ್ಯರಲ್ಲದವರು ಮುಟ್ಟಲೇಬಾರದು. ಪ್ರಾಜಿಕ್ವಾಂಟೆಲ್ ಒಳ್ಳೆಯ ಮ‌ದ್ದೇ, ಆದರೆ ಎತ್ತಿನ ತೂಕಕ್ಕೆ ಕೊಡುವಷ್ಟರಲ್ಲಿ ರೈತರ ಜೇಬು ಖಾಲಿಯಾಗುತ್ತದೆ. ಗೊಣ್ಣೆ ಕಡಿಮೆಯಾಯಿತು, ಆಮೇಲೆ ಗೊರಕೆ ಇಳಿಯಿತು. ಗಡ್ಡೆ ಕುಗ್ಗಲು ಹೆಚ್ಚು ಸಮಯ ಹಿಡಿಯಿತು.

ಕಷ್ಟವಾದದ್ದು ಎಮ್ಮೆಯದು. ಮೊಟ್ಟೆ ಸಿಕ್ಕ ಎಮ್ಮೆ ಗಬ್ಬ ಇತ್ತು. ಗಬ್ಬದ ಎಮ್ಮೆಗೆ ಆಂಟಿಮನಿ ಕೊಡಲು ನನಗೆ ಮನಸ್ಸಿಲ್ಲ. ಇನ್ನೊಂದು ಕರೆಯುವ ಎಮ್ಮೆ, ಹಾಲು ಡೈರಿಗೆ ಹೋಗುತ್ತದೆ. ಹಾಗಾದರೆ ಉಳಿದದ್ದು ಒಂದೇ ದಾರಿ: ಎಮ್ಮೆಯ ಮೂಗಿಗೂ ಗೋಕಟ್ಟೆಗೂ ಇರುವ ಸಂಬಂಧ ಕಡಿಯುವುದು.

ಎಮ್ಮೆಗೆ ನೀರಾಟ ಬೇಡ ಅಂದರೆ ಕೇಳುತ್ತದೆಯೇ? ಅದಕ್ಕೆ ಕೊಟ್ಟಿಗೆಯ ಪಕ್ಕ ಬೋರ್‌ವೆಲ್ ಪೈಪಿನಿಂದ ದಿನಕ್ಕೆ ಎರಡು ಹೊತ್ತು ಮೈ ತೊಳೆಯುವ ವ್ಯವಸ್ಥೆ ಆಯಿತು. ಆ ನೀರು ಕಟ್ಟೆಗೆ ಹರಿಯದೆ ಹುಲ್ಲಿನ ಮಡಿಗೆ ಹೋಗುವಂತೆ ತಿರುಗಿಸಿದರು. ಕುಡಿಯಲು ಸಿಮೆಂಟ್ ತೊಟ್ಟಿ. ಕರೆಂಟು ಇಲ್ಲದ ದಿನ ನಾಲೆ ನೀರೇ ಗತಿ ಅಂದರು ಯಜಮಾನರು. ಹಾಗಾದರೆ ಬಟ್ಟೆ ಕಟ್ಟಿ ಸೋಸಿ, ಬಸವನಹುಳು ಬರದಂತೆ ಎರಡು ದಿನ ತೊಟ್ಟಿಯಲ್ಲಿ ನಿಲ್ಲಿಸಿ, ಆಮೇಲೆ ಕುಡಿಸಿ ಅಂದೆ. ಅಷ್ಟರಲ್ಲಿ ಮರಿಗಳು ಸತ್ತಿರುತ್ತವೆ.

ಕಟ್ಟೆಗೆ ಮೈಲುತುತ್ತ ಸುರಿಯೋಣ ಅಂತ ಊರಿನಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬಸವನಹುಳು ಸಾಯುತ್ತದೆ ನಿಜ, ಮೀನೂ ಸಾಯುತ್ತದೆ, ಊರ ದನ ಕುಡಿಯುವುದು ಅದೇ ನೀರು. ಮೊಟ್ಟೆಯೊಳಗಿನ ಬಸವನಹುಳುಗಳು ಉಳಿದು ಮತ್ತೆ ಕಟ್ಟೆ ತುಂಬುತ್ತವೆ. ಅದರ ಬದಲು ಅಂತರಗಂಗೆ ಕಿತ್ತು ದಡಕ್ಕೆ ಹಾಕಿ ಒಣಗಿಸಿದರು. ನಾಲೆ ನಿಲ್ಲಿಸಿದ ಸಮಯದಲ್ಲಿ ಕಟ್ಟೆಯನ್ನು ಪೂರ್ತಿ ಬತ್ತಿಸಿ ಹೂಳು ತೆಗೆದರು. ಹೂಳಿನ ಜೊತೆ ಅಡಗಿದ ಬಸವನಹುಳುಗಳೂ ಹೋದವು.

ಬಸವನಹುಳುವಿನೊಳಗೆ ಶಿಸ್ಟೊಸೋಮಾದ ಮರಿಗಳನ್ನೇ ತಿನ್ನುವ ಬೇರೆ ಚಪ್ಪಟೆಹುಳುಗಳಿವೆ. ಎಕಿನೊಸ್ಟೋಮಾ ಜಾತಿಯವು. 1970ರ ಸುಮಾರಿಗೆ ಮಲೇಷ್ಯಾದ ಕೊಳಗಳಲ್ಲಿ ಅವನ್ನು ಬಿಟ್ಟು ಪ್ರಯೋಗ ಮಾಡಿದ್ದರು. ಕೇಳಲು ಬಹಳ ಚೆನ್ನ. ನಮ್ಮ ಗೋಕಟ್ಟೆಗೆ ಇನ್ನೊಂದು ಪರಾವಲಂಬಿಯನ್ನು ಬಿಡುವ ಯೋಚನೆ ಮಾತ್ರ ನನಗೆ ಇಲ್ಲ.

ಚಿತ್ರದುರ್ಗದ ಕಡೆ

ಜೋಡಿಯ ಇನ್ನೊಂದು ಎತ್ತು ಗೊರಕೆ ಹೊಡೆಯುತ್ತಿರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಯಾಕೆ ಅಂತ ಮಗ, ಜೋಡಿಯನ್ನೇ ಮಾರೋಣ ಅಂತ ಯಜಮಾನರು. ಹಿರಿಯೂರು ಕಡೆಯವರು ಒಬ್ಬರು ಬಂದು ಕೇಳಿ ಹೋಗಿದ್ದರು.

ಇಲ್ಲಿ ನಾನು ತಡೆದೆ. ಹಿರಿಯೂರಿನ ಸೀಮೆ ಒಣದು ಅಂತ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು. ಭದ್ರಾ ಮೇಲ್ದಂಡೆ ಯೋಜನೆಯಿಂದ ಚಿತ್ರದುರ್ಗ ಜಿಲ್ಲೆಯ ಕೆರೆಗಳಿಗೆ, ನಮ್ಮ ಜಗಳೂರಿನ ಕೆರೆಗಳಿಗೆ ನೀರು ತುಂಬಿಸುವ ಕೆಲಸ ನಡೆದಿದೆ. ಆ ನೀರಿಗಾಗಿ ಜನ ದಶಕಗಳಿಂದ ಹೋರಾಡಿದ್ದಾರೆ. ಬರಲೇಬೇಕು, ಬೇಗ ಬರಲಿ. ಹನಿ ನೀರಾವರಿ ಮಾಡಿದ ಹೊಲದಲ್ಲಿ ಬಸವನಹುಳುವಿಗೆ ಹೆಚ್ಚು ಜಾಗವಿಲ್ಲ. ವರ್ಷವಿಡೀ ನೀರು ನಿಲ್ಲುವ ಕೆರೆಯ ಅಂಚು, ಗೋಕಟ್ಟೆ, ಬಸಿಗಾಲುವೆ ಮಾತ್ರ ಅದಕ್ಕೆ ಹೇಳಿ ಮಾಡಿಸಿದ ಜಾಗ. ಚಳ್ಳಕೆರೆಯಿಂದ ಬಂದಾಗ ಈ ಎತ್ತುಗಳು ಇದ್ದಂತೆ, ಅಲ್ಲಿಯ ದನಗಳೂ ಈ ಹುಳು ಕಂಡಿಲ್ಲದವು. ಹುಳುವಿನ ಮೊಟ್ಟೆ ಹೊರಹಾಕುವ ನಾಲೆ ಬಯಲಿನ ಒಂದು ಎತ್ತು, ಒಂದು ಸುಮ್ಮನಿರುವ ಎಮ್ಮೆ ಅಲ್ಲಿಗೆ ಹೋದರೆ ಸಾಕು.

ಬಲಕ್ಕೆ ಕಟ್ಟುವ ಎತ್ತಿನ ಗೊಣ್ಣೆ ನೋಡಿದೆ. ಕೆಲವೇ ಮೊಟ್ಟೆ, ಆದರೆ ಇದ್ದವು. ಅದಕ್ಕೂ ಇಂಜೆಕ್ಷನ್ ಶುರುವಾಯಿತು. ಎರಡೂ ಎತ್ತಿನ ಗೊಣ್ಣೆ ಮತ್ತು ಸಗಣಿಯಲ್ಲಿ ಜೀವಂತ ಮೊಟ್ಟೆ ಇಲ್ಲ ಅಂತ ಖಾತ್ರಿಯಾಗುವವರೆಗೆ ಮಾರುವುದು ಬೇಡ ಅಂದೆ. “ಒಂದು ಬೆಳೆ ಕಾಯ್ತೀನಿ ಬಿಡಿ ಡಾಕ್ಟ್ರೇ. ಕೊಳ್ಳೋರ ಮನೆ ದನಕ್ಕೂ ಇದೇ ಆಗೋದು ಬೇಡ” ಅಂದರು ಯಜಮಾನರು. ಹಿರಿಯೂರಿನವರಿಗೂ ಫೋನ್ ಮಾಡಿ ಹೇಳಿದೆವು. ನಾಲೆ ಬಯಲಿನಿಂದ ಯಾರೇ ದನ, ಎಮ್ಮೆ ಕೊಂಡರೂ ಸಗಣಿಯ ಜೊತೆ ಒಂದು ಬಾಟಲಿ ಗೊಣ್ಣೆಯನ್ನೂ ಹತ್ತಿರದ ಪಶು ಆಸ್ಪತ್ರೆಗೆ ಕೊಟ್ಟು ನೋಡಿಸಿ, ಆಮೇಲೆ ಕೆರೆಗೆ ಬಿಡಿ ಅಂತ. ಅವರು ಮೊದಲು ಕೇಳಿದ್ದು, ಎಮ್ಮೆದೂ ತರಬೇಕಾ ಅಂತ. ಎಮ್ಮೆದೇ ಮೊದಲು ತನ್ನಿ ಅಂದೆ.